ಹೂ ಮುಡಿದ ಮೀಟರು

೧

ಚಿಕ್ಕರಸಿನಕೆರೆಯ ಒಂದೇ ಬೀದಿಯನ್ನು ಎರಡನೇ ಸಲ ಸುತ್ತಿ ಬಂದು ನಿಂತಿದ್ದೆ. ಭಾಷೆ ಬಾರದ ದೇಶಗಳಲ್ಲಿ ದಾರಿ ಹುಡುಕಿಕೊಂಡವಳು ನಾನು. ಸ್ವಂತ ಚಿಕ್ಕಮ್ಮನ ಊರಿಗೆ ಬಂದಾಗ ಮಾತ್ರ ಏನಾದರೊಂದು ಆಗಿಯೇ ತೀರುತ್ತದೆ.

ಜಗುಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಅಜ್ಜನನ್ನು ಚಿಕ್ಕಮ್ಮನ ಮನೆ ಯಾವುದೆಂದು ಕೇಳಿದೆ.

"ಹೊಸ ಮೀಟ್ರಿಗೆ ಊವ ಮುಡ್ಸಿರೋ ಮನೆ ಕಣವ್ವ ಅದು. ಎದ್ರುಮನೇಲಿ ಮೀಟ್ರಿಗೆ ಬಯ್ತಾ ಇರ್ತರೆ. ಬಯ್ಗಳ ಕೇಳ್ದೇಟ್ಗೆ ನಿಂತ್ಕೊ."

ಕೇಳಿಸಿತು, ನಿಂತೆ. ಇಷ್ಟು ಕರಾರುವಾಕ್ಕಾದ ವಿಳಾಸ ಯಾವ ದೇಶದಲ್ಲೂ ಸಿಕ್ಕಿರಲಿಲ್ಲ.

೨

ಎರಡು ಮನೆಗೂ ಒಂದೇ ದಿನ ಸ್ಮಾರ್ಟ್ ಮೀಟರು ಬಂದಿತ್ತು. ಮೆತ್ತಗೆ ಓಡಲಿ ಎಂದು ಚಿಕ್ಕಮ್ಮ ಕುಂಕುಮವಿಟ್ಟು ಸೇವಂತಿಗೆ ಮುಡಿಸಿದಳು. ಎದುರುಮನೆಯಾಕೆ ನಕ್ಕಳು. ಅಲ್ಲಿಗೆ ಪಂದ್ಯ: ತಿಂಗಳ ಕೊನೆಗೆ ಯಾರ ಯೂನಿಟ್ಟು ಜಾಸ್ತಿಯೋ ಅವರು ಗೆದ್ದವರಿಗೆ ಒಬ್ಬಟ್ಟು ಮಾಡಿಕೊಡಬೇಕು. ಊರಿಗೆಲ್ಲ ಒಬ್ಬಟ್ಟು ಹಂಚುವ ಕೈ ಚಿಕ್ಕಮ್ಮನದು. ಆದರೆ ಸೋತು ಕೊಡುವುದೆಂದರೆ ಮರ್ಯಾದೆಯ ಪ್ರಶ್ನೆ.

ಸಂಜೆಯಾದರೆ ಎದುರುಮನೆಯಾಕೆ ತನ್ನ ಟಿವಿ ಆರಿಸಿ, ಧಾರಾವಾಹಿ ನೋಡಲು ನಮ್ಮ ಮನೆಗೇ ಬರುವಳು. ಬಂದವರಿಗೆ ಫ್ಯಾನು ಹಾಕದಿರುವುದುಂಟೇ? ಚಿಕ್ಕಮ್ಮ ನಗುನಗುತ್ತಾ ಫ್ಯಾನು ಹಾಕಿ, ನೆನೆಸಿದ ಅಕ್ಕಿಯ ಪಾತ್ರೆ ಎತ್ತಿಕೊಂಡಳು.

"ನೀನು ನೋಡ್ತಾ ಇರಕ್ಕ. ನಿಮ್ಮನೆ ಮಿಕ್ಸೀಲಿ ಒಂದೀಟು ರುಬ್ಕೊಂಡು ಬತ್ತೀನಿ!"

ರಾಯಭಾರಿಗಳಲ್ಲೂ ಇಂಥ ಚಾಕಚಕ್ಯತೆ ಕಂಡಿಲ್ಲ.

೩

ಮೀಟರಿನ ಕೆಂಪು ದೀಪ ಮಿಟುಕುವ ವೇಗ ನೋಡಿಯೇ ಒಳಗೆ ಏನು ಉರಿಯುತ್ತಿದೆ ಎಂದು ಚಿಕ್ಕಮ್ಮ ಹೇಳುತ್ತಿದ್ದಳು.

"ಏನವ್ವಾ, ಇಸ್ತ್ರಿಪೆಟ್ಗೆ ಆಕಿದ್ದೀಯಾ?"

"ಒಂದೇ ಸೀರೆ, ಚಿಕ್ಕಮ್ಮ."

"ಉಟ್ಕೊಂಡು ಎಲ್ಗೆ ಓಯ್ತೀಯ?"

"ಎಲ್ಲಿಗೂ ಇಲ್ಲ."

"ಮತ್ತೆ ಸುಕ್ಕು ಯಾರ್ ನೋಡ್ತರೆ? ಆರ್ಸು!"

ಆರಿಸಿದೆ. ಅರ್ಧ ಸೀರೆ ಮಾತ್ರ ಇಸ್ತ್ರಿಯಾಗಿತ್ತು. ಆ ಅರ್ಧ ಕಾಣುವಂತೆ ಉಡುವುದನ್ನೂ ಅವಳೇ ಕಲಿಸಿದಳು.

೪

ಪಂದ್ಯದ ಕೊನೆಯ ದಿನ. ಹಂಡೆ ಒಲೆಯಿರುವ ಆ ಮನೆಯಲ್ಲಿ ಹಬ್ಬಕ್ಕೂ ಹಾಕದ ಗೀಸರನ್ನು ನಾನು ಹಾಕಿದೆ. ಹಾಕಿದ್ದನ್ನು ಮರೆತು, ಒಂದು ಕಡೆ ಕಾಲು ನಿಲ್ಲದವಳು, ವಡೆ ತಿನ್ನಲು ಮದ್ದೂರಿನ ಬಸ್ಸು ಹತ್ತಿದೆ. ಚಿಕ್ಕಮ್ಮ ಗದ್ದೆಯ ಕಡೆ ಹೋಗಿದ್ದಳು.

ವಾಪಸು ಬಂದಾಗ ಮೀಟರಿನ ಹೂವು ತಿಪ್ಪೆಯಲ್ಲಿತ್ತು. ಚಿಕ್ಕಮ್ಮ ಸೋತಿದ್ದಳು.

ಈ ಋಣ ಹೇಗಾದರೂ ತೀರಿಸುತ್ತೇನೆ ಚಿಕ್ಕಮ್ಮ ಎನ್ನುತ್ತಾ ಒರಳಿನಲ್ಲಿ ಹೂರಣ ರುಬ್ಬಿದವಳು ನಾನೇ. ಒಬ್ಬಟ್ಟಿನ ತಟ್ಟೆ ಹಿಡಿದು ಇಬ್ಬರೂ ಬೀದಿ ದಾಟಿದೆವು. ಗೆದ್ದ ಖುಷಿಯಲ್ಲಿ ಎದುರುಮನೆಯಾಕೆ ಬಾಯಿತುಂಬ ಉಪಚಾರ ಮಾಡಿದಳು: "ನಮ್ಮನೇಲೂ ನಾಕು ದಿನ ಇದ್ದು ಓಗವ್ವ."

"ನಿಂದು ದೊಡ್ಮನಸು ಕಣಕ್ಕ! ಇರ್ತಾಳೆ ಬುಡು," ಎಂದಳು ಚಿಕ್ಕಮ್ಮ. ಹೊಸ ತಿಂಗಳ ಪಂದ್ಯ ಶುರುವಾಗಿತ್ತು. ಆಮೇಲೆ ನನ್ನ ಕಿವಿಯಲ್ಲಿ, "ನನ್ನ ಋಣ ತೀರುಸ್ಬೇಕು ಅಂತಿದ್ದಲ್ಲ? ಇಸ್ತ್ರಿಪೆಟ್ಗೇನೂ ತಕ್ಕೊಂಡೋಗು."

ಮಾರನೆಯ ಬೆಳಿಗ್ಗೆ ಎದುರುಮನೆಯಾಕೆ ಕೇಳಿದಳು: "ಸ್ನಾನಕ್ಕೆ ಬಿಸ್ನೀರು ಬೇಕೇನವ್ವ?"

ಕಿಟಕಿಯಾಚೆ ನೋಡಿದೆ. ಚಿಕ್ಕಮ್ಮ ತನ್ನ ಮೀಟರಿಗೆ ಹೊಸ ಸೇವಂತಿಗೆ ಮುಡಿಸುತ್ತಿದ್ದಳು.

"ಬೇಕು," ಅಂದೆ. "ತಲೆಗೂ."