ಸಂದಿಗೆ ಟೇಪು, ಮೈಗೆ ಪುಟ್ಟಿ

ಶಾಂತಲಾ: ಇಡೀ ಗ್ವಾಡಿಗೆ ಪುಟ್ಟಿ ಹೊಡೀಲಿ ಅಂದ್ಮೇಲೆ ಮುಗೀತು.

ಗಣೇಶ: ಯಾಕ? ಬೋರ್ಡ್ ಮೊದ್ಲೇ ನುಣ್ಣಗೈತೆ. ಸಂದಿಗಷ್ಟು ಟೇಪ್ ಹಚ್ಚಿ ಬಣ್ಣ ಬಳದ್ರೆ ಸಾಕು.

ವಿನೋಬನಗರದ ಆ ಮನೆಯ ನಡುಮನೆಯಲ್ಲಿ ಮೊನ್ನೆಯಷ್ಟೇ ಜಿಪ್ಸಂ ಬೋರ್ಡಿನ ಗೋಡೆ ಎದ್ದಿತ್ತು. ಆಚೆ ಗಣೇಶನ ತಮ್ಮ ಪರಶುರಾಮ್, ಅವನ ಹೆಂಡತಿ ಆಶಾರಾಣಿ. ಈಚೆ ಗಣೇಶ, ಶಾಂತಲಾ ದಂಪತಿ. ಟೀವಿ ಸೌಂಡಿನ ಜಗಳಕ್ಕೆ ಓರಗಿತ್ತಿಯರು ಮಾತು ಬಿಟ್ಟು, ಒಲೆಯೂ ಬೇರೆಯಾಗಿತ್ತು. ಬೋರ್ಡಿನ ಸಂದಿ ಕಾಣುತ್ತಿದ್ದರೆ ಎಂದಾದರೂ ಬಿಚ್ಚಬಹುದೆಂಬ ಆಸೆ ಗಣೇಶನದು. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಶಾಂತಲಾ: ಬಿಸ್ಲು ಬಿದ್ರೆ ಟೇಪಿನ ಗೆರೆ ಎದ್ದು ಕಾಣ್ತಾವೆ, ಆಪರೇಷನ್ ಆದ ಹೊಟ್ಟಿ ಇದ್ದಂಗೆ!

ಗಣೇಶ: ಮನಿಗೆ ಆಪರೇಷನ್ ಆಗೈತಲ್ಲ, ಕಾಣ್ಲಿ ಬಿಡು.

ಶಾಂತಲಾ: ಪುಟ್ಟಿ ಹೊಡದ್ರೆ ಸೌಂಡೂ ಬರಲ್ಲ.

ಬಕೆಟ್ ಹಿಡಿದು ನಿಂತಿದ್ದ ಗೋಡೆ ಕೆಲಸದ ಮಹೀನ್‌ಗೆ ಸುಮ್ಮನಿರಲಾಗಲಿಲ್ಲ.

ಮಹೀನ್: ಪುಟ್ಟಿ ನುಣುಪಿಗೆ ಅಕ್ಕಾರೆ, ಸೌಂಡಿಗಲ್ಲ.

ಶಾಂತಲಾ: ದಪ್ಪಗೆ ಹೊಡೀರಿ, ಸೌಂಡು ನಿಲ್ತೈತೆ. ಆಕಿ ಸಾರಿನ ವಾಸ್ನಿನೂ ಬರಬಾರ್ದು. ನಿನ್ನೆ ಅದೇನು ಸಾರೋ, ಎಮ್ಮಿಗೆ ಹಿಂಡಿ ನೆನಸಿದಂಗಿತ್ತು!

ಗೋಡೆ ಮಾತಾಡಿತು.

ಆಶಾರಾಣಿ: ನಿನ್ನೆ ನಮ್ಮನ್ಯಾಗೆ ಸಾರೇ ಮಾಡಿಲ್ಲಕ್ಕ. ಆ ವಾಸ್ನಿ ನಿಮ್ಮ ಒಲಿ ಮ್ಯಾಲಿಂದು!

ಗಣೇಶ ನಗು ಕಾಣದಿರಲೆಂದು ಟೇಪಿನ ಸುರುಳಿಯನ್ನು ಬಾಯಿಗೆ ಅಡ್ಡ ಹಿಡಿದ.

ಶಾಂತಲಾ: ಕದ್ದು ಕೇಳಬ್ಯಾಡ ಅಂತ ಹೇಳ್ರಿ ಆಕಿಗೆ.

ಆಶಾರಾಣಿ: ಕದಿಯೋದೇನೈತ್ರಿ ಭಾವಾರೆ? ಅಕ್ಕ ಇಲ್ಲಿ ಪಿಸುಗುಟ್ಟಿದ್ರೆ ಅಷ್ಟು ದೂರದ ಹರಿಹರದ ಸೇತುವೆ ಮ್ಯಾಲೆ ಬಸ್ಸು ನಿಲ್ತಾವೆ!

ಮಹೀನ್ ಬಕೆಟ್ ಕೆಳಗಿಟ್ಟ. ಆಚೆ ಪಾತ್ರೆಯ ಮುಚ್ಚಳ ತೆಗೆದ ಸದ್ದಾಯಿತು.

ಆಶಾರಾಣಿ: ಅಕ್ಕಾ... ಹಾಲು ಕಾಸಿಟ್ಟೀನಿ, ಹೆಪ್ಪಿಲ್ಲ. ಒಂದು ಚಮಚ ಮೊಸರು ಕೊಡ್ತೀಯಾ?

ಶಾಂತಲಾ ಅಡುಗೆಮನೆಗೆ ಹೋದಳು. ಮೊಸರಿನ ಬಟ್ಟಲು ಹಿಡಿದು ಹಳೇ ರೂಢಿಯಂತೆ ನೆಟ್ಟಗೆ ನಡೆದಳು. ಮೂಗು ಬೋರ್ಡಿಗೆ ತಾಗಿತು.

ಗಣೇಶ: ಬೀದಿ ಕಡಿಂದ ಹೋಗಿ ಕೊಟ್ಟು ಬಾ.

ಶಾಂತಲಾ: ನಾನೇ ಆಕಿ ಬಾಗ್ಲಿಗೆ ಹೋಗ್ಲಾ? ಓಣಿ ಮಂದಿ ನೋಡ್ತಾರೆ! ಅಲ್ಲಪ್ಪ ಮಹೀನ್, ಗ್ವಾಡಿ ಕಟ್ಟೋವಾಗ ಇಷ್ಟೂ ತಿಳೀಲಿಲ್ಲೇನು?

ಮಹೀನ್: ಈಗ ಟೇಪಾ, ಪುಟ್ಟೀನಾ ಅಕ್ಕಾರೆ?

ಶಾಂತಲಾ: ಗರಗಸ ತಗೊಳ್ರಿ ಮೊದ್ಲು! ಬಟ್ಲು ಹೋಗೋವಷ್ಟು ಕೊರೀರಿ. ಉಳಿದದ್ದಕ್ಕೆ ಪುಟ್ಟಿ.

ಆಶಾರಾಣಿ: ಬಟ್ಲು ಸಾಲಲ್ಲಕ್ಕ, ಚೊಂಬು ಹೋಗೋವಷ್ಟು ಇರ್ಲಿ!

ಗಣೇಶ ಟೇಪಿನ ಸುರುಳಿ ಕೆಳಗಿಟ್ಟು, ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತ.

ಗಣೇಶ: ಇಬ್ರ ಮಾತೂ ಕೇಳಬ್ಯಾಡ ಮಹೀನ್. ನನ್ನ ಸುತ್ತ ಗೆರೆ ಹಾಕಿ ಕೊರಿ.