ಹತ್ತೊಂಬತ್ತನೇ ಹಂತ

ಚಕ್ರ ಎಂದರೆ ಏನು ಮಹಾ? ಒಂದು ವೃತ್ತ, ಒಂದು ಕೇಂದ್ರ, ಮೂವತ್ತಾರು ಸರಳರೇಖೆ! ನೀರಿನ ಪ್ರಯೋಗಾಲಯದಲ್ಲಿ ಹದಿನಾಲ್ಕು ವರ್ಷಗಳಿಂದ ಮಿಲಿಗ್ರಾಂ ಲೆಕ್ಕದಲ್ಲಿ ಉಪ್ಪು ತೂಗುತ್ತಿರುವ ವಿಜ್ಞಾನ ಪದವೀಧರನಿಗೆ ಅದೊಂದು ಕೆಲಸವೇ? ನಮ್ಮ ಮೋಟಾರ್ ಸೈಕಲ್ಲಿಗೆ ಒಂದು ಸ್ಪೇರ್ ಚಕ್ರವನ್ನು ನನ್ನ ಕೈಯಾರೆ ಕಟ್ಟುತ್ತೇನೆಂದು ಶುಕ್ರವಾರ ಸಂಜೆ ಊಟದ ಮೇಜಿನ ಮುಂದೆ ನಿಂತು ಘೋಷಿಸಿದೆ. ಸಭೆಯಲ್ಲಿದ್ದವರು ಇಬ್ಬರು: ಹೆಂಡತಿ ಮತ್ತು ಅಮ್ಮ. ಇಬ್ಬರೂ ಚಪ್ಪಾಳೆ ತಟ್ಟಲಿಲ್ಲ.

"ಸೋಮವಾರ ಹತ್ತು ಗಂಟೆಗೆ ನನ್ನ ಲೈಸೆನ್ಸ್ ಟೆಸ್ಟು. ನೆನಪಿದೆ ತಾನೇ?" ಎಂದಳು ಹೆಂಡತಿ.

ಅವಳು ಬೆತ್ತದ ಕುರ್ಚಿ ಹೆಣೆಯುವವಳು. ಊರಾಚೆಯ ಗ್ರಂಥಾಲಯದ ನಲವತ್ತು ಕುರ್ಚಿಗಳಿಗೆ ಹೊಸ ಬೆತ್ತ ಹಾಕುವ ಕೆಲಸ ಮಂಗಳವಾರದಿಂದ ಶುರು. ಅಲ್ಲಿಗೆ ಬಸ್ಸಿಲ್ಲ. ಈ ಟೆಸ್ಟು ತಪ್ಪಿದರೆ ಮುಂದಿನದು ಎರಡು ತಿಂಗಳ ಮೇಲೆ. ಅಷ್ಟರಲ್ಲಿ ಕುರ್ಚಿಗಳು ಬೇರೆಯವರ ಪಾಲಾಗಿರುತ್ತವೆ.

"ಗಾಡಿಯ ಒಂದು ತಿರುಪೂ ಮುಟ್ಟಲ್ಲ ಕಣೇ! ಸ್ಪೇರ್ ಅಂದ್ರೆ ಸ್ಪೇರ್!"

ನೋಟ್‌ಬುಕ್ಕಿನಲ್ಲಿ ಹತ್ತೊಂಬತ್ತು ಹಂತಗಳನ್ನು ಬರೆದೆ. ಪ್ರತಿ ಹಂತದ ಮುಂದೆ ಟಿಕ್ ಹಾಕಲು ಒಂದು ಚೌಕ. ಅವಳು ನನ್ನ ಹೆಗಲ ಮೇಲಿಂದ ಇಣುಕಿದಳು.

"ಗಾಳಿ ಹಾಕೋ ತೂತು ಎಲ್ಲಿ ಬರುತ್ತೆ ಅಂತ ಮೊದಲೇ ನೋಡ್ಕೊಳ್ಳಲ್ವೇನ್ರೀ? ಮೊದಲನೇ ತೂತು ಯಾವುದು ಅಂತ ಗೊತ್ತಾಗದೆ ನಾನು ಬೆತ್ತಾನೇ ಮುಟ್ಟಲ್ಲ."

"ಗಾಳಿ ಹತ್ತೊಂಬತ್ತನೇ ಹಂತ. ವಿಜ್ಞಾನದಲ್ಲಿ ಕ್ರಮ ಅಂತ ಒಂದಿದೆ."

"ಸರಿ, ಹತ್ತೊಂಬತ್ತು ಬರಲಿ," ಎಂದು ಅವಳು ಒಳಗೆ ಹೋದಳು.

ಕ್ರಮ ಕೆಟ್ಟದ್ದು ಎರಡನೇ ಹಂತದಲ್ಲೇ. ಗುಜರಿಯಿಂದ ತಂದಿದ್ದ ಹಬ್ಬು, ಅಂದರೆ ಕಡ್ಡಿಗಳೆಲ್ಲ ಬಂದು ಸೇರುವ ನಡುಭಾಗ, ಮಸಿ ಒರೆಸಿದಾಗ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಹೊಸ ರಿಮ್ಮಿದೆ, ಹೊಸ ಕಡ್ಡಿಗಳಿವೆ, ಹಬ್ಬಿಲ್ಲ! ಶನಿವಾರ ಬೆಳಿಗ್ಗೆ ಅವಳು ಬೆತ್ತ ತರಲು ಹೋದಾಗ ನನ್ನ ಕಣ್ಣು ಗಾಡಿಯ ಮುಂದಿನ ಚಕ್ರದ ಮೇಲೆ ಬಿತ್ತು. ಬರೀ ಎರಡು ಗಂಟೆಯ ಸಾಲ. ಆ ಹಬ್ಬಿನಲ್ಲಿ ಕಟ್ಟಿ ಕಲಿತು, ಮತ್ತೆ ಮೊದಲಿನಂತೆ ಮಾಡಿಟ್ಟರಾಯಿತು!

ಚಕ್ರ ಬಿಚ್ಚಿದೆ. ಹಳೆಯ ಕಡ್ಡಿಗಳ ತುದಿಯ ತಿರುಪುಗಳು, ಅಂದರೆ ನಿಪ್ಪಲ್ಲುಗಳು, ತುಕ್ಕು ಹಿಡಿದು ರಿಮ್ಮಿನೊಂದಿಗೆ ಒಂದಾಗಿಬಿಟ್ಟಿದ್ದವು. ಎಣ್ಣೆ ಬಿಟ್ಟೆ, ಬಿಸಿನೀರು ಬಿಟ್ಟೆ, ಕೊನೆಗೆ ಕಟಿಂಗ್ ಪ್ಲೇಯರ್ ಬಿಟ್ಟೆ. ಟಣ್, ಟಣ್, ಟಣ್! ಮೂವತ್ತಾರು ಸಲ. ಕೊನೆಯ ಕಡ್ಡಿ ಕತ್ತರಿಸಿದ ಮೇಲೆ ಹೊಳೆಯಿತು: ಇನ್ನು ಸ್ಪೇರ್ ಎಂಬುದಿಲ್ಲ, ಇದೇ ಅಸಲು.

"ಲೋ, ನನ್ನ ಕುರ್ಚಿ ಎಲ್ಲೋ?" ಎಂದರು ಅಮ್ಮ.

ಅದು ಮೇಜಿನ ಮೇಲೆ ನಾಲ್ಕು ಕಾಲು ಮೇಲೆತ್ತಿ ಮಲಗಿತ್ತು. ಎರಡು ಕಾಲುಗಳ ನಡುವೆ ಚಕ್ರದ ಅಚ್ಚು, ಮೂರನೆಯದಕ್ಕೆ ಬಟ್ಟೆ ಕ್ಲಿಪ್ಪಿನಿಂದ ಕಚ್ಚಿಸಿದ ಪೆನ್ಸಿಲ್ಲು. ರಿಮ್ಮು ತಿರುಗುವಾಗ ಎಲ್ಲಿ ಪೆನ್ಸಿಲ್ಲಿಗೆ ತಾಗುತ್ತದೋ ಅಲ್ಲಿ ಬೆಂಡು.

"ಇದು ಈಗ ಉಪಕರಣ ಅಮ್ಮ."

"ಉಪಕರಣದ ಮೇಲೆ ಕೂತೇ ಇಷ್ಟು ದಿನ ಊಟ ಮಾಡ್ತಿದ್ದೆ ನೋಡು!"

ಕಡ್ಡಿ ಹೆಣೆದೆ. ಒಂದು ಕಡೆ ಹದಿನೆಂಟು, ಇನ್ನೊಂದು ಕಡೆ ಹದಿನೆಂಟು. ಎಡ ಬಿಗಿಸಿ, ಬಲ ಸಡಿಲಿಸಿ, ಮೂರು ಗಂಟೆ ತಿರುಪಿದೆ. ಬೆಂಡು ಅರ್ಧ ಮಿಲಿಮೀಟರಿಗೆ ಇಳಿಯಿತು. ಆಹಾ! ಟೈರು, ಟ್ಯೂಬು ಹಾಕಿ, ವಿಜಯೋತ್ಸಾಹದಲ್ಲಿ ಹತ್ತೊಂಬತ್ತನೇ ಚೌಕಕ್ಕೂ ಮುಂಗಡವಾಗಿ ಟಿಕ್ ಹಾಕಿ ಪಂಪು ತಂದೆ.

ಪಂಪಿನ ಬಾಯಿ ಒಳಗೆ ಹೋಗಲಿಲ್ಲ.

ಸರಿಯಾಗಿ ಗಾಳಿ ಹಾಕುವ ವಾಲ್ವಿನ ನೆತ್ತಿಯ ಮೇಲೆ ಎರಡು ಕಡ್ಡಿಗಳು ಕತ್ತರಿಯಂತೆ ಕೂಡಿಕೊಂಡು ಕಾವಲು ನಿಂತಿದ್ದವು. ಆಚೆಯಿಂದ ತೂರಿಸಿದೆ, ಈಚೆಯಿಂದ ತೂರಿಸಿದೆ. ಬೆರಳ ಚರ್ಮ ಸುಲಿಯಿತೇ ಹೊರತು ಒಂದು ಉಸಿರು ಗಾಳಿ ಒಳಗೆ ಹೋಗಲಿಲ್ಲ! ಜಗತ್ತಿನ ಅತ್ಯಂತ ನಿಖರವಾದ, ಗಾಳಿ ತುಂಬಲಾಗದ ಚಕ್ರ!

ಬಾಗಿಲಲ್ಲಿ ಬೆತ್ತದ ಕಟ್ಟು ಹಿಡಿದು ಅವಳು ನಿಂತಿದ್ದಳು. ಮುಂದಿನ ಚಕ್ರವಿಲ್ಲದೆ ಇಟ್ಟಿಗೆಗಳ ಮೇಲೆ ಮಂಡಿಯೂರಿದ ಗಾಡಿಯನ್ನು ನೋಡಿದಳು. ಕತ್ತರಿಸಿದ ಕಡ್ಡಿಗಳನ್ನು ನೋಡಿದಳು. ನನ್ನನ್ನು ನೋಡಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಹತ್ತೊಂಬತ್ತು ಬಂತಾ?" ಎಂದಳಷ್ಟೆ.

"ಮೆಕ್ಯಾನಿಕ್ ಹತ್ರ ಈಗಲೇ ಓಡ್ತೀನಿ."

"ಅವನು ಮದುವೆಗೆ ಹೋಗಿದ್ದಾನೆ. ಬರೋದು ಸೋಮವಾರ ಸಂಜೆ."

ಭಾನುವಾರ ಬೆಳಿಗ್ಗೆ ನಾನೆದ್ದಾಗ ಅವಳು ನೆಲದ ಮೇಲೆ ಕಾಲು ಚಾಚಿ ಕೂತು, ಚಕ್ರವನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮೂವತ್ತಾರು ಸರಳರೇಖೆಗಳನ್ನೂ ಬಿಚ್ಚಿ ಹಾಕಿದ್ದಳು. ವಾಲ್ವಿನ ತೂತಿಗೆ ಒಂದು ತುಂಡು ಕೆಂಪು ನೂಲು ಕಟ್ಟಿದ್ದಳು.

"ಇದರ ಎರಡೂ ಪಕ್ಕದ ಕಡ್ಡಿಗಳು ಒಂದಕ್ಕೊಂದು ದೂರ ಇರಬೇಕು. ಅಲ್ಲಿಂದ ಹೊರಟರೆ ಮಿಕ್ಕಿದ್ದು ತಾನಾಗಿ ಬರುತ್ತೆ. ಒಂದು ಮೇಲೆ, ಒಂದು ಕೆಳಗೆ. ಕಡ್ಡಿ ಕೊಡಿ."

ಕೊಟ್ಟೆ. ಮೂವತ್ತಾರು ಸಲ ಕೊಟ್ಟೆ. ಪ್ರಯೋಗಾಲಯದ ಹಿರಿಯ ವಿಶ್ಲೇಷಕನಿಗೆ ಹೊಸ ಹುದ್ದೆ! ಒಂದು ಗಂಟೆಯೊಳಗೆ ಹೆಣಿಗೆ ಮುಗಿಯಿತು. ಬೆಂಡು ತೆಗೆಯುವುದನ್ನು ಮಾತ್ರ ದೊಡ್ಡ ಮನಸ್ಸು ಮಾಡಿ ನನಗೆ ಬಿಟ್ಟಳು. ಟೈರು ಹಾಕಿದ ಮೇಲೆ ಪಂಪಿನ ಬಾಯಿ ಇಟ್ಟಳು. ಸಲೀಸಾಗಿ ಕೂತಿತು. ನಾಲ್ಕು ಸಲ ಒತ್ತಿ ನೋಡಿ, "ಉಳಿದಿದ್ದು ನೀವು ಹಾಕಿ, ಅದು ನಿಮ್ಮ ಹಂತ," ಎಂದು ಎದ್ದಳು.

ಅಮ್ಮ ಕುರ್ಚಿಯನ್ನು ಕೆಳಗಿಳಿಸಿಕೊಂಡು, ಇನ್ನು ಯಾರೂ ಎತ್ತದಂತೆ ತಕ್ಷಣ ಅದರ ಮೇಲೆ ಕೂತರು.

ನಾನು ಚಕ್ರ ಜೋಡಿಸಿ, ಬ್ರೇಕು ಪರೀಕ್ಷಿಸಿ, ಕ್ರಮಬದ್ಧವಾಗಿ ನೋಟ್‌ಬುಕ್ಕು ತೆರೆದು ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಹತ್ತೊಂಬತ್ತು ಚೌಕ, ಹತ್ತೊಂಬತ್ತು ಟಿಕ್. ಎಲ್ಲ ಮುಗಿದಿದೆ! ಕೈ ತೊಳೆದುಕೊಂಡೆ.

ಸೋಮವಾರ ಟೆಸ್ಟಿನ ಮೈದಾನದವರೆಗೆ ನಾನೇ ಗಾಡಿ ಓಡಿಸಿದೆ. ಅವಳು ಹಿಂದೆ, ದೊಡ್ಡ ಚೀಲ ತಬ್ಬಿಕೊಂಡು ಕೂತಿದ್ದಳು.

"ನೋಡಿದ್ಯಾ, ಎಷ್ಟು ಮೆತ್ತಗೆ ಹೋಗ್ತಿದೆ! ರಸ್ತೆ ಗುಂಡಿ ಗೊತ್ತೇ ಆಗ್ತಿಲ್ಲ. ಅರ್ಧ ಮಿಲಿಮೀಟರಿನ ಮಹಿಮೆ ಕಣೇ!"

"ಹೂಂ," ಎಂದಳು.

ಮೈದಾನದಲ್ಲಿ ಇಪ್ಪತ್ತು ಜನರ ಸಾಲು. ಇನ್‌ಸ್ಪೆಕ್ಟರು ಕಾಗದ ನೋಡಿದರು, ಗಾಡಿಯ ಸುತ್ತ ಬಂದರು, ಬೂಟಿನ ತುದಿಯಿಂದ ಮುಂದಿನ ಟೈರನ್ನು ಒತ್ತಿದರು. ಟೈರು ಇಡ್ಲಿಯಂತೆ ಒಳಗೆ ಹೋಯಿತು.

"ಏನಮ್ಮಾ ಇದು? ಗಾಳಿನೇ ಇಲ್ವಲ್ಲ! ಇದರಲ್ಲಿ ಎಂಟು ಹೊಡೆದರೆ ನೇರ ನೆಲಕ್ಕೇ. ಮುಂದಿನ ಸಲ ಬನ್ನಿ."

ನಲವತ್ತು ಕುರ್ಚಿಗಳೂ ಒಟ್ಟಿಗೆ ಕಣ್ಣ ಮುಂದೆ ಮಗುಚಿ ಬಿದ್ದವು. "ಸಾರ್, ನೋಟ್‌ಬುಕ್ಕಲ್ಲಿ ಟಿಕ್ ಹಾಕಿದೆ ಸಾರ್," ಎಂದೆ. ಬೇರೇನೂ ಹೊಳೆಯಲಿಲ್ಲ.

"ಎರಡು ನಿಮಿಷ ಕೊಡಿ ಸಾರ್," ಎಂದು ಅವಳು ಚೀಲಕ್ಕೆ ಕೈ ಹಾಕಿ, ಪಂಪನ್ನು ಹೊರಗೆಳೆದು ನನ್ನ ಕೈಗಿಟ್ಟಳು.

ಸಾಲಿನಲ್ಲಿದ್ದ ಇಪ್ಪತ್ತು ಜನರೂ ನೋಡುತ್ತಿದ್ದರು. ನಾನು ಬಗ್ಗಿದೆ. ಪಂಪಿನ ಬಾಯಿ ಕೆಂಪು ನೂಲಿನ ಪಕ್ಕದಲ್ಲಿ ಸಲೀಸಾಗಿ ಕೂತಿತು. ಒತ್ತತೊಡಗಿದೆ.

"ಇವರು ಯಾರಮ್ಮಾ, ನಿಮ್ಮ ಮೆಕ್ಯಾನಿಕ್ಕಾ?" ಎಂದು ಇನ್‌ಸ್ಪೆಕ್ಟರು ಕೇಳಿದ್ದು ಕೇಳಿಸಿತು.

"ಇಲ್ಲ ಸಾರ್," ಎಂದಳು ನನ್ನ ಹೆಂಡತಿ, "ಇನ್ನೂ ಕಲೀತಾ ಇದ್ದಾರೆ."