ಅತ್ತೆಯ ಗುಡ್ಡ

ನಮ್ಮ ಅತ್ತೆಗೆ ಸ್ವಂತದ್ದೊಂದು ಗುಡ್ಡವಿದೆ ಎಂದರೆ ನೀವು ನಗುತ್ತೀರಿ. ನಗಿ! ವರ್ಷವಿಡೀ ಹಸಿರು, ಮೇಲೆ ನೀಲಿ ಆಕಾಶ, ಬೇಲಿಯಿಲ್ಲ, ಒತ್ತುವರಿ ತಕರಾರಿಲ್ಲ. ಇರುವುದು ಭದ್ರಾವತಿ ಓಲ್ಡ್ ಟೌನಿನ ಅವರ ಲಗ್ನಪತ್ರಿಕೆ ಅಂಗಡಿಯಲ್ಲಿ, ಕಂಪ್ಯೂಟರ್ ಪರದೆಯ ಮೇಲೆ. ಹೌದು, ಅದೇ ಗುಡ್ಡ! ಒಂದು ಕಾಲಕ್ಕೆ ಎಲ್ಲರ ಕಂಪ್ಯೂಟರಿನಲ್ಲೂ ಅದೇ ಇತ್ತು. ಆಮೇಲೆ ಊರಿಗೆ ಊರೇ ದೇವರ ಪಟ, ಮಕ್ಕಳ ಫೋಟೊ ಹಾಕಿಕೊಂಡಿತು. ಅತ್ತೆ ಮಾತ್ರ ಜಗ್ಗಲಿಲ್ಲ.

“ಮೊಮ್ಮಗಳ ಫೋಟೊ ಹಾಕೋಣ ಅತ್ತೆ” ಅಂದೆ ಒಮ್ಮೆ.

“ಮೊಮ್ಮಗಳು ದಿನಾ ಎದುರಿಗೇ ಕುಣೀತಾಳೆ. ಗುಡ್ಡ ಎಲ್ಲಿ ನೋಡ್ಲಿ ಮಾರಾಯ?”

ಗುಡ್ಡದ ಮೇಲೆ ಕಡತಗಳ ಪುಟ್ಟ ಚಿತ್ರಗಳು, ಅದೇ ಐಕಾನುಗಳು, ಎಲ್ಲ ಅಡ್ಡಾದಿಡ್ಡಿ ಬಿದ್ದಿರುತ್ತಿದ್ದವು. ಸಾಲಾಗಿ ಜೋಡಿಸಲು ಹೋದ ನನ್ನ ಕೈಗೆ ಅಡಿಪಟ್ಟಿಯ ಏಟು ಬಿತ್ತು!

ಸ್ಕ್ರೀನ್‌ಸೇವರ್ ವಿಷಯ ಕೇಳಲೇಬೇಡಿ. ಸುಮ್ಮನೆ ಬಿಟ್ಟರೆ ಪರದೆ ತುಂಬ ಬಣ್ಣದ ಪೈಪುಗಳು ತಾವೇ ಬೆಳೆಯುತ್ತಿದ್ದವಲ್ಲ, ಅದು. ಪರದೆ ತುಂಬುವವರೆಗೆ ಮೌಸ್ ಮುಟ್ಟುವಂತಿಲ್ಲ. ಒಮ್ಮೆ ಮದುಮಗನ ಅಪ್ಪ ಓಡಿಬಂದರು.

“ಅಮ್ಮಾ, ಹುಡುಗನ ಹೆಸರೇ ತಪ್ಪಾಗಿದೆ! ಬೇಗ ಸರಿ ಮಾಡಿ.”

“ಸ್ವಲ್ಪ ಕೂತ್ಕೊಳ್ಳಿ. ಪೈಪಿನವನು ಮುಗಿಸ್ಲಿ. ಕೆಲಸ ಮಾಡೋರನ್ನ ಅರ್ಧಕ್ಕೆ ಎಬ್ಬಿಸ್ಬಾರ್ದು.”

ಪಾಪ, ಅವರು ಬಗ್ಗಿ ಮೇಜಿನ ಕೆಳಗೆ ನೋಡಿದರು!

ಈಚೆಗೆ ಆ ಕಂಪ್ಯೂಟರ್ ಕೆಟ್ಟು ಕೂತಿತು. ಶಿವಮೊಗ್ಗದ ಗಾಂಧಿ ಬಜಾರಿನಿಂದ ರಿಪೇರಿಯ ಭಾಯ್ ಹೊಸದನ್ನು ತಂದು ಕೂರಿಸಿದರು. ಅದರಲ್ಲಿ ಇವತ್ತು ಸಮುದ್ರ, ನಾಳೆ ಗುಹೆ, ನಾಡಿದ್ದು ಇನ್ಯಾವುದೋ ದೇಶದ ಸೇತುವೆ. ಅತ್ತೆ ಭಾಯ್‌ಗೆ ಫೋನ್ ಮಾಡಿ ಕರೆಸಿದರು.

“ಇದೇನ್ ಭಾಯ್, ದಿನಕ್ಕೊಂದು ಊರು? ನಾನು ಅಂಗಡಿ ನಡೆಸ್ಲೋ, ಟೂರ್ ಹೋಗ್ಲೋ?”

“ಜಮಾನಾ ಬದಲಾಯ್ತಕ್ಕಾ. ಈಗೆಲ್ಲಾ ಹಿಂಗೇ ಬರ್ತದೆ.”

“ಹೊಸ ಒಲೆ ಬಂತು ಅಂತ ಸಾರಿನ ರುಚಿ ಬದಲಾಯಿಸ್ತೀವಾ? ನನ್ನ ಗುಡ್ಡ ತನ್ನಿ. ಇಲ್ದಿದ್ರೆ ಈ ಡಬ್ಬ ವಾಪಸ್ ತಗೊಂಡ್ಹೋಗಿ!”

ಭಾಯ್ ಹಳೆಯದರ ಹೊಟ್ಟೆ ಬಗೆದು ಗುಡ್ಡವನ್ನು ಎತ್ತಿ ತಂದರು. ಜೊತೆಗೆ, ಅಕ್ಕನಿಗೆ ಖುಷಿಯಾಗಲಿ ಎಂದು, ಕಡತಗಳನ್ನೆಲ್ಲ ಎಡಗಡೆ ನೀಟಾಗಿ ಸಾಲು ನಿಲ್ಲಿಸಿದರು. ಅತ್ತೆ ಎದೆಗೆ ಕೈ ಇಟ್ಟುಕೊಂಡರು.

“ನಮ್ಮನೆ ಕೆಡವಿಬಿಟ್ರಲ್ಲ ಭಾಯ್!”

“ಯಾವ ಮನೆ ಅತ್ತೆ?” ಎಂದೆ.

ಆಗ ಹೊರಬಿತ್ತು ನೋಡಿ. ಅತ್ತೆ, ಮಾವ ಮದುವೆಯಾದಂದಿನಿಂದ ಬಾಡಿಗೆ ಮನೆಯವರೇ. ಈಗ ವಿದ್ಯಾನಗರದಲ್ಲಿದ್ದಾರೆ. ಹೋದಲ್ಲೆಲ್ಲ ಓನರುಗಳದ್ದು ಒಂದೇ ರಾಗ, ಗೋಡೆಗೆ ಮೊಳೆ ಹೊಡೆಯಬೇಡಿ. ಅದಕ್ಕೇ ಇಬ್ಬರೂ ಸೇರಿ ಈ ಗುಡ್ಡದ ಮೇಲೆ ಮನೆ ಕಟ್ಟಿದ್ದರು! ಇಳಿಜಾರಿನ ಈ ಕಡತ ಪಡಸಾಲೆ, ಪಕ್ಕದ್ದು ಅಡುಗೆಮನೆ, ದೂರದಲ್ಲಿ ಆ ಕಸದ ಬುಟ್ಟಿಯ ಚಿತ್ರವೇ ತಿಪ್ಪೆ. ಗಿರಾಕಿಗಳಿಲ್ಲದಾಗ ಎಲ್ಲಿ ಏನಿರಬೇಕೆಂದು ಜಗಳವಾಡುತ್ತಿದ್ದರಂತೆ. ಹೋದ ವರ್ಷ ಲಕ್ವ ಹೊಡೆದು ಮಾವನ ಬಲಗೈಯೂ ಮಾತೂ ಹೋದವು. ಆಮೇಲೆ ಅವರಿಬ್ಬರ ನಡುವೆ ಉಳಿದದ್ದು ಈ ಜಗಳ ಒಂದೇ, ಅತ್ತೆಯದು ಬಾಯಿ, ಮಾವನದು ಮೌಸ್. ಇದು ತಿಳಿಯದೆ ಇಷ್ಟು ದಿನ ನಕ್ಕಿದ್ದೆನಲ್ಲ!

ದಿನವೂ ಅಂಗಡಿಯ ಮೂಲೆಯ ಕುರ್ಚಿಯಲ್ಲಿ ಕೂರುವ ಮಾವ ಎದ್ದು ಬಂದರು. ಎಡಗೈಯಿಂದ ಮೌಸ್ ಹಿಡಿದರು. ಪಡಸಾಲೆ ಬಂತು, ಅಡುಗೆಮನೆ ಬಂತು. ಆಮೇಲೆ ತಿಪ್ಪೆಯನ್ನು ಎಳೆದು ತಂದು ಅಡುಗೆಮನೆಯ ಬಾಗಿಲಿಗೇ ಇಟ್ಟರು.

“ಅಲ್ಲಿ ಬೇಡ ಅಂತ ಎಷ್ಟು ಸಲ ಹೇಳ್ಲಿ ನಿಮಗೆ? ನಾತ ಬರ್ತದೆ ಕಣ್ರೀ!” ಅತ್ತೆ ಕಣ್ಣೊರೆಸಿಕೊಳ್ಳುತ್ತಲೇ ಕೂಗಿದರು.

ಮಾವ ಸೊಟ್ಟ ಬಾಯಲ್ಲಿ ನಕ್ಕರು. ತಿಪ್ಪೆಯನ್ನು ಮಾತ್ರ ಕದಲಿಸಲಿಲ್ಲ.